ಬಾವಿಯ ಬದಿಯ ಮಣ್ಣು



ಮಣ್ಣಿಗೆ ಬಿದ್ದುದೆಲ್ಲ ಮಣ್ಣಾಗುತ್ತದೆ ಎಂಬ ಮಾತು ಬಹುಮಟ್ಟಿಗೆ ನಿಜ. ಮನುಷ್ಯನ ಕರುಳಿನಿಂದ ಹೊರಬಿದ್ದ ರೋಗಾಣುಗಳಿಗೆ ಮಣ್ಣು ಪರದೇಶವಿದ್ದಂತೆ. ಅಲ್ಲಿ ಮೈಯ ಬಿಸುಪಿಲ್ಲ, ಆಹಾರ ಕಡಿಮೆ. ಸಾಲದುದಕ್ಕೆ ಮಣ್ಣಿನ ಮೂಲನಿವಾಸಿಗಳಾದ ಏಕಕೋಶ ಜೀವಿಗಳು ಅವನ್ನು ಹಿಡಿದು ತಿನ್ನುತ್ತವೆ. ಕಾಯಿಸಿ ನಿರ್ಜೀವಗೊಳಿಸಿದ ಮಣ್ಣಿನಲ್ಲಿ ಅದೇ ರೋಗಾಣುಗಳು ಹೆಚ್ಚು ಕಾಲ ಬದುಕುವುದು ಪ್ರಯೋಗಗಳಲ್ಲಿ ಕಂಡುಬಂದಿದೆ.

ಆದರೆ ಎಲ್ಲ ಮಣ್ಣೂ ಒಂದೇ ಅಲ್ಲ. ಬಿಸಿಲಿಗೆ ಬೇಗ ಒಣಗುವ ಮರಳುಮಣ್ಣಿನಲ್ಲಿ ಕರುಳಿನ ರೋಗಾಣುಗಳು ಬೇಗ ನಶಿಸುತ್ತವೆ. ತೇವ ಹಿಡಿದಿಡುವ ಜೇಡಿಯಲ್ಲಿ, ಗೊಬ್ಬರ ಬೆರೆತ ನೆರಳಿನ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲವು. ಜೇಡಿಯ ಸೂಕ್ಷ್ಮ ರಂಧ್ರಗಳೊಳಗೆ ಬೇಟೆಗಾರ ಜೀವಿಗಳು ನುಸುಳಲಾರವು. ಬೀಜಕ ಕಟ್ಟುವ ರೋಗಾಣುಗಳ ಕಥೆಯಂತೂ ಬೇರೆಯೇ. 1942ರಲ್ಲಿ ಯುದ್ಧಪ್ರಯೋಗಕ್ಕೆಂದು ಆಂಥ್ರಾಕ್ಸ್ ಹರಡಿದ ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ದ್ವೀಪವನ್ನು ಸುರಕ್ಷಿತವೆಂದು ಸಾರಿದ್ದು 1990ರಲ್ಲಿ, ಅದೂ ಮಣ್ಣಿಗೆ ಫಾರ್ಮಾಲ್ಡಿಹೈಡ್ ಸುರಿದ ಮೇಲೆ.

ರೋಗಾಣುವನ್ನು ಹೆಚ್ಚು ಕಾಲ ಬದುಕಗೊಡುವ ಜೇಡಿಯೇ ಅದನ್ನು ತನ್ನ ಕಣಗಳಿಗೆ ಅಂಟಿಸಿಕೊಂಡು ಕದಲದಂತೆಯೂ ಹಿಡಿದಿಡುತ್ತದೆ. ಮಲೆನಾಡಿನ ಜಂಬಿಟ್ಟಿಗೆಯದು ಇದಕ್ಕೆ ವ್ಯತಿರಿಕ್ತವಾದ ಗುಣ. ಮೇಲೆ ಗಟ್ಟಿ, ಒಳಗೆ ಪೊಟರೆ, ಬಿರುಕು, ಕೊಳವೆಯಂಥ ಟೊಳ್ಳುಗಳು. ಆಷಾಢದ ಮಳೆಗೆ ಅಂತರ್ಜಲ ಮೇಲೇರಿ ಶೌಚಗುಂಡಿಯ ತಳವನ್ನು ಮುಟ್ಟಿದರೆ, ಹೊಲಸು ಸೋಸಲ್ಪಡದೆಯೇ ಈ ದಾರಿಗಳಲ್ಲಿ ಹರಿದು ಬಾವಿಯನ್ನು ಸೇರಬಹುದು. ರೋಗಾಣು ಸಾಯುವ ಮೊದಲೇ ಕೊಡ ತುಂಬಿರುತ್ತದೆ. ಬೇಸಿಗೆಯ ಪರೀಕ್ಷೆಯಲ್ಲಿ ಶುದ್ಧವೆನಿಸಿದ ನೀರನ್ನು ಮಳೆಗಾಲದಲ್ಲಿಯೂ ನಂಬುವುದು ಅಪಾಯಕರ.

ನಿರಾಶ್ರಿತರ ನೆರವಿಗಾಗಿ ರೂಪುಗೊಂಡ ಸ್ಫಿಯರ್ ಕೈಪಿಡಿಯು ಗುಂಡಿಗೂ ಜಲಮೂಲಕ್ಕೂ ಕನಿಷ್ಠ 30 ಮೀಟರು ಅಂತರವನ್ನೂ, ಗುಂಡಿಯ ತಳವು ಅಂತರ್ಜಲಕ್ಕಿಂತ ಕನಿಷ್ಠ 1.5 ಮೀಟರು ಮೇಲಿರುವುದನ್ನೂ ವಿಧಿಸುತ್ತದೆ. ಬಿರುಕುಬಿಟ್ಟ ಶಿಲೆಯಿದ್ದಲ್ಲಿ ಅಂತರ ಇನ್ನೂ ಹೆಚ್ಚಬೇಕೆನ್ನುತ್ತದೆ. ಮಲೆನಾಡಿಗೆ ಮುಖ್ಯವಾದುದು ಈ ಕೊನೆಯ ಮಾತೇ. ಗುತ್ತಿಗೆದಾರರ ಅಳತೆಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗುವುದು ಅಪರೂಪ. ಅಡಿಕೆತೋಟದ ಅಂಚಿನ ಕಿರಿದಾದ ಮನೆಯಂಗಳದಲ್ಲಿ 30 ಮೀಟರು ಎಲ್ಲಿಂದ ತರುವುದು ಎಂಬ ಪ್ರಶ್ನೆಯೂ ನ್ಯಾಯವೇ. ಅಂಥಲ್ಲಿ ಗುಂಡಿಯನ್ನು ಬಾವಿಯ ಇಳಿಜಾರಿನ ಕೆಳಗೆ ತೋಡಬೇಕು, ಆಳ ಕಡಿಮೆ ಮಾಡಬೇಕು, ತಳವನ್ನು ಮುಚ್ಚಿ ಸುತ್ತಲೂ ಅರ್ಧ ಮೀಟರು ದಪ್ಪಕ್ಕೆ ಸಣ್ಣ ಮರಳನ್ನು ತುಂಬಬೇಕು.

ಶಾಲೆಯ ಮಕ್ಕಳು ಒಂದು ಹಗ್ಗ ಹಿಡಿದು ತಮ್ಮ ಊರಿನ ಪ್ರತಿ ಬಾವಿಗೂ ಗುಂಡಿಗೂ ಇರುವ ಅಂತರವನ್ನು, ಶ್ರಾವಣದಲ್ಲಿ ಬಾವಿಯ ನೀರು ಏರುವ ಮಟ್ಟವನ್ನು ಅಳೆದು ನಕಾಶೆಯಲ್ಲಿ ಗುರುತಿಸಬಹುದು. ಆ ನಕಾಶೆ ಗ್ರಾಮಸಭೆಯ ಮುಂದೆ ಬರುವವರೆಗೂ ನೀರು ಕುದಿಯಲಿ.