ಎರಡು ಇಂಧನದ ಜನರೇಟರ್: ಬೀದರಿನ ಬಾವಿಕಟ್ಟೆಯ ಮೇಲೊಂದು ಲೆಕ್ಕ



ಬೀದರ ಎಂದೊಡನೆ ಬಯಲುಸೀಮೆಯ ಚಿತ್ರವೇ ಮಲೆನಾಡಿಗರ ಮನಸ್ಸಿಗೆ ಬರುವುದು ಸಹಜ. ಆದರೆ ಬೀದರ ನಗರ ನಿಂತಿರುವುದು ಸಮುದ್ರಮಟ್ಟದಿಂದ 2,000 ಅಡಿಗೂ ಮಿಗಿಲಾದ ಎತ್ತರದ, ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಜಂಬಿಟ್ಟಿಗೆ ಮಳೆನೀರನ್ನು ಹೀರಿಕೊಳ್ಳುತ್ತದೆ. ಅದರ ಕೆಳಗಿನ ಕಪ್ಪು ಶಿಲೆ ಆ ನೀರನ್ನು ತಡೆದು ನಿಲ್ಲಿಸುತ್ತದೆ. 15ನೆಯ ಶತಮಾನದಲ್ಲಿ, ಬಹಮನಿಗಳ ಆಳ್ವಿಕೆಯಲ್ಲಿ, ನೌಬಾದಿನಲ್ಲಿ ತೋಡಿದ ಸುರಂಗಬಾವಿ ಈ ನೀರನ್ನು ಬರಿಯ ಇಳಿಜಾರಿನ ಬಲದಿಂದಲೇ ಹರಿಸಿತು. ಎಂಜಿನ್ನೂ ಇಲ್ಲ, ಎಣ್ಣೆಯೂ ಇಲ್ಲ. ಇಂದು ಭಾಲ್ಕಿ, ಔರಾದ ತಾಲೂಕುಗಳ ಹೊಲಗಳಲ್ಲಿ ನೀರು ಮೇಲೇರುವುದು ಕರೆಂಟಿನಿಂದ. ಕರೆಂಟು ಕೈಕೊಟ್ಟ ದಿನ ರೈತನ ಕಣ್ಣು ಹೋಗುವುದು ಕೈಯಲ್ಲಿ ಹೊತ್ತೊಯ್ಯಬಲ್ಲ ಜನರೇಟರಿನ ಕಡೆಗೆ.

ಅಂಗಡಿಯಲ್ಲಿ ‘ಎರಡು ಇಂಧನದ್ದು’ ಎಂಬ ಹೆಸರಿನಲ್ಲಿ ಸಿಗುವುದು ಮುಖ್ಯವಾಗಿ ಎರಡು ಜಾತಿ. ಹಳೆಯದು ಪೆಟ್ರೋಲಿನಲ್ಲಿ ಹೊತ್ತಿ ಸೀಮೆಎಣ್ಣೆಯಲ್ಲಿ ಓಡುವಂಥದು. ಹೊಸದು ಪೆಟ್ರೋಲ್ ಅಥವಾ ಎಲ್‌ಪಿಜಿಯಲ್ಲಿ ಓಡುವಂಥದು. ಯಾವುದು ಲೇಸು ಎಂದು ಕೇಳುವುದಕ್ಕೆ ಮುಂಚೆ ಅದರಿಂದ ಯಾವ ಕೆಲಸ ಆಗಬೇಕು ಎಂದು ಕೇಳಬೇಕು. ಬಹುಪಾಲು ನಷ್ಟ ಆಗುವುದು ಇಲ್ಲಿಯೇ.

ಒಂದು ಅಶ್ವಶಕ್ತಿಯ ಪಂಪು ಓಡುವಾಗ ಸುಮಾರು 1,100 ವ್ಯಾಟ್ ಎಳೆಯುತ್ತದೆ. ಆದರೆ ಚಾಲೂ ಆಗುವ ಕ್ಷಣದಲ್ಲಿ ಮೋಟಾರು ನಾಲ್ಕರಿಂದ ಆರು ಪಟ್ಟು ವಿದ್ಯುತ್ತನ್ನು ಬೇಡುತ್ತದೆ. ಜನರೇಟರಿನ ಮೇಲೆ 3,000 ವ್ಯಾಟ್ ಎಂದು ಬರೆದಿದ್ದರೆ ಅದು ಪೆಟ್ರೋಲಿನ ಲೆಕ್ಕ. ಎಲ್‌ಪಿಜಿಯಲ್ಲಿ ಅದರ ಹತ್ತನೆಯ ಒಂದು ಪಾಲು ಕಡಿಮೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಗಾಳಿ ತೆಳುವಾಗಿ ನೂರಕ್ಕೆ ಮೂರರಷ್ಟು ಇನ್ನೂ ಕಡಿಮೆ. ಬೀದರಿನಲ್ಲಿ ಉಳಿಯುವುದು ಸುಮಾರು 2,500. ಮೇ ತಿಂಗಳ ಬಿಸಿಲು ಅದನ್ನೂ ಸ್ವಲ್ಪ ತಿನ್ನುತ್ತದೆ. ಹೀಗಿರುವಾಗ ಮೂರು ಫೇಸಿನ ಐದು ಅಶ್ವಶಕ್ತಿಯ ಬೋರ್‌ವೆಲ್ ಪಂಪನ್ನು ಈ ಯಂತ್ರದಿಂದ ಓಡಿಸುವ ಮಾತು ಬರಿಯ ಆಸೆ. ಸಿಂಪರಣಾ ಪಂಪು, ಹಾಲು ಸಂಗ್ರಹಕೇಂದ್ರದ ತೂಕಯಂತ್ರ, ನಾಲ್ಕಾರು ದೀಪ, ಬೀದರಿನ ಬಿದರಿ ಕುಶಲಕರ್ಮಿಯೊಬ್ಬನ ಹೊಳಪು ಕೊಡುವ ಸಣ್ಣ ಮೋಟಾರು: ಇಷ್ಟಕ್ಕೆ ಅದು ಸೈ. ಬರಿಯ ದೀಪಕ್ಕಾದರೆ ಸೌರಫಲಕವೂ ಬ್ಯಾಟರಿಯೂ ಸಾಕು. ಜನರೇಟರಿನ ಗೊಡವೆಯೇ ಬೇಡ.

ಖರ್ಚಿನ ವಿಚಾರ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ಟಿನಷ್ಟು ಶಾಖವಿದೆ. ಸಣ್ಣ ಎಂಜಿನ್ ಅದರ ಐದನೆಯ ಒಂದು ಪಾಲನ್ನೂ ವಿದ್ಯುತ್ತಾಗಿ ಕೊಡುವುದು ಕಷ್ಟ. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ಒಂದು ಯೂನಿಟ್ಟಿಗೆ 50ರಿಂದ 60 ರೂಪಾಯಿ ಬೀಳುತ್ತದೆ. ಇದು ಆಪತ್ತಿನ ವಿದ್ಯುತ್ತೇ ಹೊರತು ದಿನನಿತ್ಯದ ನೀರಾವರಿಯದಲ್ಲ.

ಸೀಮೆಎಣ್ಣೆಯ ಯಂತ್ರಕ್ಕೆ ಒಂದು ಹಟವಿದೆ. ನಿಲ್ಲಿಸುವ ಮುನ್ನ ಕೆಲವು ನಿಮಿಷ ಮತ್ತೆ ಪೆಟ್ರೋಲಿಗೆ ತಿರುಗಿಸದಿದ್ದರೆ ಮರುದಿನ ಹಗ್ಗ ಎಳೆದೆಳೆದು ತೋಳು ಸೋಲಬೇಕು. ಪೂರ್ತಿ ಸುಡದ ಸೀಮೆಎಣ್ಣೆ ಎಂಜಿನ್ ಆಯಿಲ್‌ಗೆ ಇಳಿದು ಅದನ್ನು ನೀರಾಗಿಸುತ್ತದೆ. ಪಡಿತರದ ನೀಲಿ ಎಣ್ಣೆ ಮನೆಯ ಒಲೆಗೂ ದೀಪಕ್ಕೂ ಮೀಸಲು. ಅದನ್ನೇ ನಂಬಿ ಯಂತ್ರ ಕೊಳ್ಳುವುದು ಈಗ ಯಾವ ಲೆಕ್ಕದಲ್ಲೂ ಸರಿಯಲ್ಲ.

ಎಲ್‌ಪಿಜಿಯ ಗುಣವೆಂದರೆ ಅದು ಹಳಸುವುದಿಲ್ಲ. ಪೆಟ್ರೋಲ್ ನಾಲ್ಕಾರು ತಿಂಗಳು ಕಾರ್ಬುರೇಟರಿನಲ್ಲಿ ನಿಂತರೆ ಅಂಟುಗಟ್ಟುತ್ತದೆ. ಈಗ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದ್ದು, ಅದು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಎಥನಾಲಿಗೆ ಮೂಲ ಕಬ್ಬು, ಧಾನ್ಯ. ಭಾಲ್ಕಿಯ ರೈತ ಬೆಳೆದ ಕಬ್ಬೇ ಸುತ್ತಿಬಳಸಿ ಬಂದು ಅವನ ಜನರೇಟರಿನ ಬಾಯಿ ಕಟ್ಟುವುದು ವಿಚಿತ್ರವಾದರೂ ಅಸಂಭವವಲ್ಲ. ವರ್ಷಕ್ಕೆ ಹತ್ತು ದಿನ ಮಾತ್ರ ಓಡುವ ಯಂತ್ರಕ್ಕೆ ಈ ಕಾರಣದಿಂದಲೇ ಅನಿಲ ಮೇಲು. ಆದರೆ 14.2 ಕೆ.ಜಿ.ಯ ಅಡುಗೆಮನೆಯ ಸಿಲಿಂಡರನ್ನು ಜನರೇಟರಿಗೆ ಜೋಡಿಸುವುದು ಕಾನೂನಿಗೆ ವಿರುದ್ಧ. 19 ಕೆ.ಜಿ.ಯ ವಾಣಿಜ್ಯ ಸಿಲಿಂಡರನ್ನೇ ತರಬೇಕು. ಬೆಲೆಯನ್ನು ಹೋಲಿಸುವುದೂ ಅದರದ್ದನ್ನೇ. ಡಿಸೆಂಬರಿನ ಇರುಳು ಬೀದರಿನ ಚಳಿ ಮಲೆನಾಡಿನದಕ್ಕೇನೂ ಸೋಲದು. ಆಗ ಸಿಲಿಂಡರಿನ ಮೈಮೇಲೆ ಮಂಜು ಕಟ್ಟಿ ಅನಿಲ ಸಾಕಷ್ಟು ಏಳುವುದಿಲ್ಲ. ಅಂಥ ದಿನ ಪೆಟ್ರೋಲಿಗೆ ತಿರುಗಬಹುದೆಂಬುದೇ ಎರಡು ಇಂಧನದ ನಿಜವಾದ ಲಾಭ.

ಎರಡು ಇಂಧನಕ್ಕೆ ಇನ್ನೊಂದು ಅರ್ಥವೂ ಕರ್ನಾಟಕದಲ್ಲಿ ಇತ್ತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ 1987ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಅವರೂ ಅವರ ‘ಅಸ್ತ್ರ’ ತಂಡದವರೂ ಸಗಣಿಯ ಅನಿಲದಿಂದ ಡೀಸೆಲ್ ಎಂಜಿನ್ ಓಡಿಸಿ ಊರಿಗೆ ನೀರನ್ನೂ ಬೆಳಕನ್ನೂ ಒದಗಿಸಿದರು. ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ. ಆದುದರಿಂದ ಅನಿಲವನ್ನು ಹೊತ್ತಿಸಲು ಸ್ವಲ್ಪ ಡೀಸೆಲ್ ಬೇಕೇ ಬೇಕು, ಉಳಿದುದು ಅನಿಲ. ಸಗಣಿಯ ಬಗ್ಗಡ ಗೊಬ್ಬರವಾಗಿ ಮನೆಗಳಿಗೆ ಮರಳುತ್ತಿತ್ತು. ಸ್ಥೂಲವಾಗಿ ಎರಡು ದನಗಳ ದಿನದ ಸಗಣಿಗೆ ಒಂದು ಯೂನಿಟ್ ವಿದ್ಯುತ್ತು. ದೇವಣಿ ದನಗಳಿರುವ ಔರಾದ, ಭಾಲ್ಕಿಗಳಲ್ಲಿ ಹತ್ತು ಮನೆಯವರು ಕೂಡಿದರೆ ಅಸಾಧ್ಯವಲ್ಲ. ಅದನ್ನು ತಲೆಯ ಮೇಲೆ ಹೊತ್ತೊಯ್ಯಲಾಗದು, ಅಷ್ಟೆ.

ಇನ್ನು ಬಾವಿಯ ಮಾತು. ಮೇಲಿನಿಂದ ಹೀರುವ ಪಂಪು ಸುಮಾರು 7 ಮೀಟರಿಗಿಂತ ಆಳದ ನೀರನ್ನು ಎಳೆಯಲಾರದು. ಅದಕ್ಕೇ ಬೇಸಿಗೆಯಲ್ಲಿ ನೀರು ಇಳಿದಂತೆ ಎಂಜಿನ್ ಪಂಪನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸುವ ರೂಢಿ. ಎಂಜಿನ್ ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಸಾವಿರಕ್ಕೆ ಒಂದು ಪಾಲು ಬೆರೆತರೂ ಒಂದೆರಡು ಗಂಟೆಯಲ್ಲಿ ಪ್ರಾಣ ಹೋಗಬಹುದು. ಹಿರಿಯರು ದೀಪ ಇಳಿಸಿ ಬಾವಿಯ ಗಾಳಿಯನ್ನು ಪರೀಕ್ಷಿಸುತ್ತಿದ್ದರು. ಆ ಪರೀಕ್ಷೆ ಪ್ರಾಣವಾಯು ಕಡಿಮೆಯಾದುದನ್ನು ತೋರಿಸೀತೇ ಹೊರತು ಈ ವಿಷವನ್ನಲ್ಲ. ದೀಪ ಉರಿಯುತ್ತಲೇ ಇರುತ್ತದೆ, ಇಳಿದವನು ಏಳುವುದಿಲ್ಲ. ಅವನನ್ನು ಎತ್ತಲು ಇಳಿದವನದೂ ಅದೇ ಗತಿ. ಎಲ್‌ಪಿಜಿ ಹೊಗೆ ಕಡಿಮೆ ಎಂದು ಧೈರ್ಯಪಡುವಂತಿಲ್ಲ. ಅದರಲ್ಲೂ ಆ ವಿಷವಿದೆ. ಮೇಲಾಗಿ ಸೋರಿದ ಅನಿಲ ಗಾಳಿಗಿಂತ ಭಾರವಾಗಿ ಬಾವಿಯ ತಳದಲ್ಲಿ ಕೂತು ಒಂದು ಕಿಡಿಗಾಗಿ ಕಾಯುತ್ತದೆ.

ಹೊತ್ತೊಯ್ಯುವ ಜನರೇಟರ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿಯೇ. ನೀರಿಗೆ ಇಳಿಯಬೇಕಾದುದು ವಿದ್ಯುತ್ ಪಂಪು ಮಾತ್ರ. ಎಂಜಿನ್ ಬಾವಿಯ ಬಾಯಿಂದ ಇಪ್ಪತ್ತು ಅಡಿಯಾದರೂ ದೂರದಲ್ಲಿ, ಹೊಗೆ ಬಾವಿಯ ಕಡೆ ತಿರುಗದಂತೆ ಗಾಳಿ ನೋಡಿ ನಿಲ್ಲಬೇಕು. ಮನೆಯ ತಂತಿಗೆ ಕೊಡುವುದಾದರೆ ಬದಲಾವಣೆ ಸ್ವಿಚ್ ಹಾಕಿಸದೆ ಕೊಡಬಾರದು. ಇಲ್ಲವಾದರೆ ಜನರೇಟರಿನ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಏರಿ, ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ನನ ಕೈಗೆ ಸಾವಿರಾರು ವೋಲ್ಟಾಗಿ ತಲುಪುತ್ತದೆ. ಬಾವಿಗೆ ಇಳಿಸುವ ಕೇಬಲ್ಲು 2.5 ಚದರ ಮಿ.ಮೀ. ತಾಮ್ರದ್ದಿರಲಿ, ನಡುವೆ ಜೋಡಣೆ ಬೇಡ. ಪಂಪಿನ ಮೈಗೆ ಅರ್ಥಿಂಗ್ ತಂತಿಯೂ ಜೊತೆಯಲ್ಲಿ ಹೋಗಲಿ.