ಕೈಗೆ ಕೊಟ್ಟದ್ದು, ಊರಿಗೆ ಕೊಟ್ಟದ್ದು: ನಾಲ್ಕು ತಾಲ್ಲೂಕುಗಳಲ್ಲಿ ನಿಂತು ಅಭಿವೃದ್ಧಿಯ ವಿಚಾರ



ಜನರ ಬದುಕು ಹಸನಾಗಬೇಕಾದರೆ ಸರ್ಕಾರ ಏನು ಮಾಡಬೇಕು ಎಂಬುದು ಇವತ್ತಿನ ವಿಷಯ. ದೆಹಲಿಯಲ್ಲಿ, ಬೆಂಗಳೂರಿನಲ್ಲಿ ಕುಳಿತು ಇದನ್ನು ಚರ್ಚಿಸಿದ ಪುಸ್ತಕಗಳು ಬೇಕಾದಷ್ಟಿವೆ. ನಾನು ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ, ವರದಾ, ಧರ್ಮಾ, ಕುಮುದ್ವತಿ ಹರಿಯುವ ಈ ನೆಲದಲ್ಲಿ ನಿಂತು ನೋಡಬಯಸುತ್ತೇನೆ. ಯಾವ ನೀತಿಯೇ ಆಗಲಿ, ಅದರ ಗಟ್ಟಿ ಎಷ್ಟು, ಜೊಳ್ಳು ಎಷ್ಟು ಎಂದು ಗೊತ್ತಾಗುವುದು ತಾಲ್ಲೂಕಿನಲ್ಲಿಯೇ.

1. ಎರಡು ಪಕ್ಷಗಳ ವಾದ

2013ರಲ್ಲಿ ನಮ್ಮ ದೇಶದ ಅರ್ಥಶಾಸ್ತ್ರಜ್ಞರ ನಡುವೆ ದೊಡ್ಡ ವಾದವೊಂದು ನಡೆಯಿತು. ಅಮರ್ತ್ಯ ಸೇನ್ ಮತ್ತು ಜೀನ್ ಡ್ರೇಜ್ ಒಂದು ಕಡೆ. ಶಾಲೆ, ಆಸ್ಪತ್ರೆ, ಪೌಷ್ಟಿಕ ಆಹಾರಗಳಿಗೆ ಸರ್ಕಾರ ಮೊದಲು ಖರ್ಚು ಮಾಡಬೇಕು, ಆರೋಗ್ಯವಂತ, ಅಕ್ಷರಸ್ಥ ಜನರಿಂದಲೇ ಸಂಪತ್ತು ಬೆಳೆಯುತ್ತದೆ ಎಂಬುದು ಅವರ ನಿಲುವು. ಜಗದೀಶ ಭಗವತಿ ಮತ್ತು ಅರವಿಂದ ಪನಗಾರಿಯಾ ಇನ್ನೊಂದು ಕಡೆ. ಮೊದಲು ಆರ್ಥಿಕ ಬೆಳವಣಿಗೆ ಆಗಲಿ, ಖಜಾನೆ ತುಂಬಿದರೆ ತಾನೇ ಹಂಚಲು ಏನಾದರೂ ಇರುವುದು ಎಂದು ಅವರು ವಾದಿಸಿದರು. ಅದೇ ವರ್ಷದ ಜುಲೈನಲ್ಲಿ ಕರ್ನಾಟಕದಲ್ಲಿ ಬಡವರಿಗೆ ಅಕ್ಕಿ ಕೊಡುವ ಅನ್ನಭಾಗ್ಯ ಯೋಜನೆ ಆರಂಭವಾಯಿತು.

ಹತ್ತು ವರ್ಷ ಕಳೆದು, 2023ರಲ್ಲಿ, ಆ ವಾದ ನಮ್ಮೂರ ಕಟ್ಟೆಗಳಿಗೂ ಬಂತು. ಜೂನ್ 11ರಂದು ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಆಗಸ್ಟ್ 30ರಂದು ಗೃಹಲಕ್ಷ್ಮಿ ಶುರುವಾಗಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿತು. ಮನೆಯ ವಿದ್ಯುತ್ತಿಗೆ ಗೃಹಜ್ಯೋತಿ, ನಿರುದ್ಯೋಗಿ ಪದವೀಧರರಿಗೆ ಯುವನಿಧಿಗಳೂ ಬಂದವು. ಅನ್ನಭಾಗ್ಯವೂ ಸೇರಿದ ಈ ಐದು ಗ್ಯಾರಂಟಿಗಳಿಗೆ ರಾಜ್ಯ ಬಜೆಟ್ಟಿನಲ್ಲಿ ವರ್ಷಕ್ಕೆ ಸುಮಾರು 52,000 ಕೋಟಿ ರೂಪಾಯಿ ಎತ್ತಿಡಲಾಯಿತು. ಬಿಟ್ಟಿ ಕೊಟ್ಟು ಜನರನ್ನು ಕೆಡಿಸುತ್ತಾರೆ ಎಂದು ಕೆಲವರು ಅಂದರು. ಬಡವರ ಪಾಲು ಬಡವರಿಗೆ ಸಿಕ್ಕಿತು ಎಂದು ಹಲವರು ಅಂದರು.

ನನ್ನ ಮಾತು ಇಷ್ಟು. ಕೈಗೆ ಕೊಡುವುದು ಬೇರೆ, ಊರಿಗೆ ಕೊಡುವುದು ಬೇರೆ. ರೊಕ್ಕ, ಅಕ್ಕಿ, ಟಿಕೆಟ್ ಇವು ಕೈಗೆ ಕೊಡುವಂಥವು. ಕೆರೆ, ಶಾಲೆ, ಆಸ್ಪತ್ರೆ, ಖರೀದಿ ಕೇಂದ್ರ, ಬಸ್ಸಿನ ಓಡಾಟ ಇವು ಊರಿಗೆ ಕೊಡುವಂಥವು. ಒಂದು ಇನ್ನೊಂದರ ಬದಲಿಗೆ ಬರಲಾರದು. ಯಾವುದಕ್ಕೆ ಎಷ್ಟು ಎಂದು ನಿರ್ಧರಿಸುವ ಅಧಿಕಾರ ಅಲ್ಲಿ ಬದುಕುವವರ ಕೈಗೆ ಬರುವ ತನಕ ಎರಡೂ ಅರ್ಧ ಕೆಲಸವಾಗಿಯೇ ಉಳಿಯುತ್ತವೆ.

2. ಸರಾಸರಿಯ ಮರೆಯಲ್ಲಿ ಉಳಿದವರು

1997ರ ಆಗಸ್ಟ್ 24ರಂದು ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾಯಿತು. ಅದಕ್ಕೆ ಮುಂಚೆ ನಮ್ಮ ಅಂಕಿಗಳು ಹುಬ್ಬಳ್ಳಿ-ಧಾರವಾಡದ ಅಂಕಿಗಳ ಜೊತೆ ಕೂಡಿಹೋಗುತ್ತಿದ್ದವು. ಅವಳಿನಗರದ ಕಾಲೇಜು, ಆಸ್ಪತ್ರೆ, ಕಾರ್ಖಾನೆಗಳೆಲ್ಲ ಲೆಕ್ಕದಲ್ಲಿ ನಮ್ಮವೂ ಆಗಿದ್ದವು. ಆದರೆ ಹಿರೇಕೆರೂರಿನ ಗರ್ಭಿಣಿಗೆ ಆ ಲೆಕ್ಕದಿಂದ ಆಗಬೇಕಾದ್ದೇನೂ ಇರಲಿಲ್ಲ.

ಈ ಮರೆಯನ್ನು ಸರಿಸಿದವರು ಡಾ. ಡಿ.ಎಂ. ನಂಜುಂಡಪ್ಪ. ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ 2000ದಲ್ಲಿ ರಚನೆಯಾದ ಅವರ ಉನ್ನತಾಧಿಕಾರ ಸಮಿತಿ 2002ರ ಜೂನ್‌ನಲ್ಲಿ ವರದಿ ಕೊಟ್ಟಿತು. ಸಮಿತಿ ಜಿಲ್ಲೆಯ ಬದಲು ತಾಲ್ಲೂಕನ್ನೇ ಅಳತೆಯ ಘಟಕವಾಗಿ ಹಿಡಿಯಿತು. ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ, ಆರೋಗ್ಯಗಳಂಥ ಕ್ಷೇತ್ರಗಳಿಂದ 35 ಸೂಚಕಗಳನ್ನು ಆರಿಸಿ, ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, ಆಗಿನ 175 ತಾಲ್ಲೂಕುಗಳನ್ನೂ ತೂಗಿತು. 114 ತಾಲ್ಲೂಕುಗಳು ಸರಾಸರಿಗಿಂತ ಕೆಳಗಿದ್ದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಸೂಚಿಸಿತು.

ವರದಿಯ ದೊಡ್ಡ ಕೊಡುಗೆ ಎಂದರೆ ಅದು ಅನುದಾನಕ್ಕೆ ಒಂದು ನ್ಯಾಯದ ಆಧಾರ ಹಾಕಿಕೊಟ್ಟಿತು. ಪ್ರಭಾವಿ ಪ್ರತಿನಿಧಿ ಇದ್ದಲ್ಲಿ ಅನುದಾನ ಹರಿಯುವುದು, ಇಲ್ಲದಲ್ಲಿ ಬತ್ತುವುದು ನಮಗೆ ಗೊತ್ತಿರುವ ಸಂಗತಿ. ಶಿಗ್ಗಾವಿ ಕ್ಷೇತ್ರದ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿ ಅವರು 2021ರಿಂದ 2023ರವರೆಗೆ ಮುಖ್ಯಮಂತ್ರಿಗಳಾಗಿದ್ದರು. ಆ ಗೌರವದಲ್ಲಿ ಜಿಲ್ಲೆಗೆಲ್ಲ ಪಾಲಿತ್ತು. ಆದರೆ ಪ್ರತಿ ತಾಲ್ಲೂಕಿಗೂ ಒಬ್ಬ ಮುಖ್ಯಮಂತ್ರಿ ಸಿಗುವುದಿಲ್ಲ. ಯಾರು ಆಳಲಿ, ಕೊರತೆ ಎಷ್ಟಿದೆಯೋ ಅಷ್ಟು ಹಣ ಬರಬೇಕು. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚನೆಯಾದದ್ದು, ಪ್ರಾದೇಶಿಕ ಅಸಮತೋಲನದ ಪ್ರಶ್ನೆ ಎರಡು ದಶಕಗಳ ಮೇಲೂ ತೀರಿಲ್ಲ ಎಂಬುದಕ್ಕೆ ಸಾಕ್ಷಿ.

3. ನೀರು ಮತ್ತು ಬೆಲೆ

ಹಾನಗಲ್ಲ ಕೆರೆಗಳ ತಾಲ್ಲೂಕು. ಮುಂಡಗೋಡ ತಾಲ್ಲೂಕಿನ ಮಳಗಿಯ ಹತ್ತಿರ ಧರ್ಮಾ ನದಿಗೆ ಕಟ್ಟಿದ ಜಲಾಶಯದ ನೀರು ಕಾಲುವೆಯಲ್ಲಿ ಹರಿದು ಬಂದು ಇಲ್ಲಿನ ಕೆರೆಗಳಿಗೂ ಭತ್ತದ ಗದ್ದೆಗಳಿಗೂ ಸೇರುತ್ತದೆ. ಜಲಾಶಯ ಒಂದು ಜಿಲ್ಲೆಯಲ್ಲಿ, ಗದ್ದೆ ಇನ್ನೊಂದು ಜಿಲ್ಲೆಯಲ್ಲಿ. ಕಾಲುವೆ ಹೂಳು ತುಂಬಿದರೆ ಕೊನೆಯ ಹೊಲದವನಿಗೆ ನೀರು ಮುಟ್ಟುವುದಿಲ್ಲ. ಆತ ಬೋರ್‌ವೆಲ್ ಕೊರೆಸುತ್ತಾನೆ, ಸಾಲ ಮಾಡುತ್ತಾನೆ. ಅವನ ಮನೆಗೆ ಬಂದ ಗೃಹಲಕ್ಷ್ಮಿಯ ಹಣ ಆ ಸಾಲದ ಬಡ್ಡಿಗೆ ಹೋಗುತ್ತದೆ. ಊರಿಗೆ ಕೊಡಬೇಕಾದದ್ದನ್ನು ಕೊಡದೇ ಹೋದರೆ, ಕೈಗೆ ಕೊಟ್ಟದ್ದೂ ಕೈಯಲ್ಲಿ ನಿಲ್ಲದು.

ಕುಮುದ್ವತಿಗೆ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗ-ಮಾಸೂರು ಕೆರೆ ಈ ಭಾಗದ್ದೇ. ನೀರು ನಿಲ್ಲಿಸುವುದು ರಾಜ್ಯದ ಹೊಣೆ ಎಂದು ಐದಾರು ನೂರು ವರ್ಷಗಳ ಹಿಂದಿನ ಆಡಳಿತಕ್ಕೂ ತಿಳಿದಿತ್ತು. ಇಂದು ಶಿವಮೊಗ್ಗದ ಗಾಜನೂರಿನಿಂದ ತುಂಗಾ ಮೇಲ್ದಂಡೆ ಕಾಲುವೆ ನಮ್ಮ ಜಿಲ್ಲೆಗೆ ಬಂದಿದೆ. ಮುಖ್ಯ ಕಾಲುವೆಯ ಉದ್ಘಾಟನೆಗೆ ಸಿಗುವ ಗಮನ ಹೊಲಗಾಲುವೆಯ ದುರಸ್ತಿಗೂ ಸಿಗಬೇಕು.

ಹಿರೇಕೆರೂರಿನ ಹೊಲಗಳನ್ನು ಗೋವಿನಜೋಳ ಆವರಿಸಿಕೊಂಡಿದೆ. ರಾಜ್ಯದಲ್ಲಿ ಹೆಚ್ಚು ಗೋವಿನಜೋಳ ಬೆಳೆಯುವ ಜಿಲ್ಲೆಗಳಲ್ಲಿ ಹಾವೇರಿ ಒಂದು. 2025-26ಕ್ಕೆ ಕೇಂದ್ರ ಸರ್ಕಾರ ಪ್ರಕಟಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಸುಗ್ಗಿಯಲ್ಲಿ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದಾಗ ರೈತರು ಬೀದಿಗಿಳಿದರು. ಪಡಿತರಕ್ಕೆ ಅಕ್ಕಿ ಬೇಕಾದ್ದರಿಂದ ಸರ್ಕಾರ ಭತ್ತ ಕೊಳ್ಳುತ್ತದೆ. ಗೋವಿನಜೋಳ ಕೋಳಿ ಆಹಾರಕ್ಕೆ, ಪಿಷ್ಟಕ್ಕೆ, ಎಥೆನಾಲ್‌ಗೆ ಹೋಗುವ ಬೆಳೆ. ಅದನ್ನು ಕೊಳ್ಳಲೇಬೇಕು ಎಂಬ ಒತ್ತಡ ಸರ್ಕಾರದ ಮೇಲೆ ಇಲ್ಲ. ಖರೀದಿ ಕೇಂದ್ರವಿಲ್ಲದ ಬೆಂಬಲ ಬೆಲೆ ಕಾಗದದ ಮೇಲಿನ ಅಂಕಿ ಮಾತ್ರ.

2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಲು ಸೇರಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಜೀವ ಕಳೆದುಕೊಂಡರು. ಮುಂಗಾರು ಹೊತ್ತಿಗೆ ಸರಿಯಾಗಿ ಗೊಬ್ಬರ ಒದಗಿಸುವ ಸಾಮಾನ್ಯ ಆಡಳಿತ ಕೆಲಸ ಕೆಟ್ಟರೆ ಅದರ ಬೆಲೆ ಎಷ್ಟಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆ ರಕ್ತ ಕೊಟ್ಟು ಕಲಿತಿದೆ. ಅದನ್ನು ನಾವು ಮರೆಯಕೂಡದು.

4. ಹೆಣ್ಣುಮಕ್ಕಳ ಕೈಯ ರೊಕ್ಕ

ಇನ್ನು ಬಿಟ್ಟಿ ಎಂಬ ಮಾತಿಗೆ ಬರುತ್ತೇನೆ. ರಾಣೆಬೆನ್ನೂರು, ಹಿರೇಕೆರೂರು ಭಾಗ ಹತ್ತಿ ಮತ್ತು ತರಕಾರಿಯ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದದ್ದು. ಮೊಗ್ಗು ಬಿಡಿಸಿ, ಗಂಡುಭಾಗ ತೆಗೆದು, ಮರುದಿನ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸವನ್ನು ಹೆಚ್ಚಾಗಿ ಮಾಡುವವರು ಹೆಣ್ಣುಮಕ್ಕಳು. ದೇಶದ ಹೊಲಗಳಿಗೆ ಹೋಗುವ ಬೀಜ ಅವರ ಬೆರಳ ತುದಿಯಲ್ಲಿ ಹುಟ್ಟುತ್ತದೆ. ಆ ಬೀಜದ ಬೆಲೆಯಲ್ಲಿ ಅವರಿಗೆ ಸಿಗುವುದು ದಿನಗೂಲಿ ಮಾತ್ರ. ಮನೆಯಲ್ಲಿ ಅವರ ದುಡಿಮೆಗೆ ಕೂಲಿಯೇ ಇಲ್ಲ. ಇಂಥ ತಾಯಿಯ ಖಾತೆಗೆ ಬರುವ 2,000 ರೂಪಾಯಿಯನ್ನು ಬಿಟ್ಟಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ತನ್ನ ಹೆಸರಿನಲ್ಲಿ ಇಷ್ಟಾದರೂ ಹಣ ಇದ್ದವಳು ಮಗಳನ್ನು ಶಾಲೆ ಬಿಡಿಸಬೇಡಿ ಎಂದು ಗಟ್ಟಿಯಾಗಿ ಹೇಳಬಲ್ಲಳು, ಕೂಲಿ ಕಡಿಮೆಯಾದರೆ ಬರುವುದಿಲ್ಲ ಎನ್ನಬಲ್ಲಳು. ಅದು ಅವಳ ಬಲ.

ಆದರೆ ಇದೇ ನ್ಯಾಯ ಇನ್ನೊಂದು ಬೇಡಿಕೆಯನ್ನೂ ಮುಂದಿಡುತ್ತದೆ. ಟಿಕೆಟ್ ಉಚಿತವಾದ ಮೇಲೆ ಬಸ್ಸೂ ಬರಬೇಕು. ತಾಂಡಾದಿಂದ ಕಾಲೇಜಿಗೆ ಹೋಗುವ ಹುಡುಗಿಗೆ ಬೆಳಗಿನ ಮೊದಲ ಬಸ್ಸು ತಪ್ಪಿದರೆ ದಿನವೇ ತಪ್ಪಿತು. ಯುವನಿಧಿ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿಯನ್ನು ಹೆಚ್ಚೆಂದರೆ ಎರಡು ವರ್ಷ ಕೊಡುತ್ತದೆ. ಮೂರನೇ ವರ್ಷ ಅವನಿಗೆ ಬೇಕಾದದ್ದು ಉದ್ಯೋಗ. ಗೋವಿನಜೋಳ, ಮಾವು, ಹತ್ತಿ, ವೀಳ್ಯದೆಲೆ ಬೆಳೆಯುವ ನೆಲದಲ್ಲಿ ಅವುಗಳ ಸಂಸ್ಕರಣೆಯ ಕೆಲಸ ಬೆಳೆದರೆ, ಗೋವಾಕ್ಕೂ ಬೆಂಗಳೂರಿಗೂ ಗಂಟುಮೂಟೆ ಕಟ್ಟುವ ಯುವಕರಲ್ಲಿ ಒಂದಷ್ಟು ಜನರಾದರೂ ಇಲ್ಲಿಯೇ ನಿಂತಾರು. ಬೆಳವಣಿಗೆ ಬೇಕು ಎಂಬ ಭಗವತಿಯವರ ವಾದಕ್ಕೆ ನನ್ನ ಒಪ್ಪಿಗೆ ಇಲ್ಲಿದೆ. ಆ ಬೆಳವಣಿಗೆ ನಮ್ಮ ಜಿಲ್ಲೆಯ ಹೆದ್ದಾರಿಯ ಮೇಲೆ ಹಾದುಹೋದರೆ ಸಾಲದು, ಇಲ್ಲಿ ಇಳಿಯಬೇಕು.

5. ಸವಣೂರು ಕಲಿಸಿದ ಪಾಠ

ಅನ್ನ, ನೀರು, ರೊಕ್ಕಗಳಿಗಿಂತ ಕಷ್ಟದ ಪ್ರಶ್ನೆಯೊಂದನ್ನು ಸವಣೂರು ಎತ್ತಿತು. ನವಾಬರ ಸಂಸ್ಥಾನವಾಗಿದ್ದ, ವೀಳ್ಯದೆಲೆಗೂ ಖಾರಕ್ಕೂ ದೊಡ್ಡಹುಣಸೆ ಮರಗಳಿಗೂ ಹೆಸರಾದ ಊರು ಅದು. 2010ರ ಜುಲೈನಲ್ಲಿ, ತಲೆಮಾರುಗಳಿಂದ ಊರಿನ ಮಲ ಎತ್ತುತ್ತಿದ್ದ ಭಂಗಿ ಸಮುದಾಯದ ಜನ ಪುರಸಭೆಯ ಎದುರು ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ತಾವು ಬದುಕಿದ್ದ ಜಾಗದಿಂದ ತಮ್ಮನ್ನು ಎಬ್ಬಿಸಬೇಡಿ ಎಂಬುದು ಅವರ ಬೇಡಿಕೆ.

ಕಾಲವನ್ನು ಗಮನಿಸಿ. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದ ಆರಂಭದಲ್ಲಿ, ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯ ನಿಷೇಧಿಸಿತ್ತು. 1993ರಲ್ಲಿ ಕೇಂದ್ರದ ಕಾಯ್ದೆಯೂ ಬಂದಿತ್ತು. ರಾಜ್ಯದ ನಿಷೇಧ ಬಂದು ಸುಮಾರು ನಾಲ್ಕು ದಶಕಗಳಾದರೂ ಅದು ಸವಣೂರಿನ ಆ ಓಣಿಗೆ ತಲುಪಿರಲಿಲ್ಲ. ಅವರ ಕೂಗು ದೇಶಕ್ಕೆ ಕೇಳಿಸಿತು. ಪುನರ್ವಸತಿಯನ್ನು ಸರ್ಕಾರದ ಕರ್ತವ್ಯವನ್ನಾಗಿ ಮಾಡಿದ ಹೊಸ ಕಾಯ್ದೆ 2013ರಲ್ಲಿ ಬಂತು. ಅದರ ಹಿಂದೆ ದೇಶದುದ್ದಕ್ಕೂ ನಡೆದ ಸಫಾಯಿ ಕರ್ಮಚಾರಿಗಳ ಹೋರಾಟವಿದೆ, ಆ ಹೋರಾಟದಲ್ಲಿ ಸವಣೂರಿನ ದನಿಯೂ ಸೇರಿದೆ.

ಯಾವ ಸೂಚ್ಯಂಕದಲ್ಲಿ ಈ ಅವಮಾನಕ್ಕೆ ಅಂಕಣವಿತ್ತು? ತಲಾ ಆದಾಯದ ಪಟ್ಟಿಯಲ್ಲಿ ಇರಲಿಲ್ಲ, ರಸ್ತೆಯ ಉದ್ದದ ಪಟ್ಟಿಯಲ್ಲೂ ಇರಲಿಲ್ಲ. ಹಾಗಾಗಿ ಒಂದು ತಾಲ್ಲೂಕು ಮುಂದುವರಿಯಿತೇ ಎಂದು ಕೇಳುವಾಗ ಅಲ್ಲಿ ಎಲ್ಲರಿಗಿಂತ ಕೆಳಗಿಡಲ್ಪಟ್ಟವರ ಮನೆ, ಕೆಲಸ, ಮರ್ಯಾದೆ ಏನಾಯಿತು ಎಂಬುದನ್ನು ಮೊದಲು ಕೇಳಬೇಕು. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರೂ ಶಿಶುನಾಳದ ಶರೀಫರೂ ಮನುಷ್ಯರ ನಡುವಿನ ಮೇಲು-ಕೀಳನ್ನು ಪ್ರಶ್ನಿಸಿದ ನೆಲ ಇದು. ಅವರನ್ನು ಹಾಡುವವರ ಮೇಲೆ ಈ ಹೊಣೆ ಹೆಚ್ಚಾಗಿಯೇ ಇದೆ.

ಸಂಸ್ಥೆಯೊಂದು ಮನುಷ್ಯನನ್ನು ಹೇಗೆ ಎತ್ತಿ ನಿಲ್ಲಿಸಬಲ್ಲದು ಎಂಬುದಕ್ಕೂ ಸಾಕ್ಷಿ ಇಲ್ಲಿಯೇ ಇದೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಕುರುಡು ಬಾಲಕನೊಬ್ಬನ ಸಂಗೀತವನ್ನು ಗುರುತಿಸಿ ಕಲಿಕೆಗೆ ಆಸರೆಯಾದವರು ಹಾನಗಲ್ಲ ಕುಮಾರಸ್ವಾಮಿಗಳು. ಆ ಬಾಲಕ ಪಂಚಾಕ್ಷರ ಗವಾಯಿಗಳಾಗಿ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ಕಟ್ಟಿದರು. ಅದೇ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು ಅದನ್ನು ಬೆಳೆಸಿದರು. ಭಿಕ್ಷೆಯ ದಾರಿ ಹಿಡಿಯಬೇಕಾಗಿದ್ದ ಎಷ್ಟೋ ಮಕ್ಕಳು ಅಲ್ಲಿ ಕಲಾವಿದರಾದರು. ಅಮರ್ತ್ಯ ಸೇನ್ ಅವರು ಹೇಳುವ ಸಾಮರ್ಥ್ಯದ ಬೆಳವಣಿಗೆ ಇದೇ. ಮಠವೊಂದು ಒಂದು ಊರಿನಲ್ಲಿ ಮಾಡಿ ತೋರಿಸಿದ್ದನ್ನು ಪ್ರತಿ ತಾಲ್ಲೂಕಿನಲ್ಲಿ ಹಕ್ಕಾಗಿ ಒದಗಿಸುವುದು ಸರ್ಕಾರದ ಕೆಲಸ.

6. ನಿರ್ಧಾರ ಯಾರದು

ಈ ಎಲ್ಲ ಎಳೆಗಳೂ ಒಂದು ಗಂಟಿನಲ್ಲಿ ಕೂಡುತ್ತವೆ: ನಿರ್ಧರಿಸುವವರು ಯಾರು? ಅಧಿಕಾರ ವಿಕೇಂದ್ರೀಕರಣದಲ್ಲಿ ಕರ್ನಾಟಕ ದೇಶಕ್ಕೆ ದಾರಿ ತೋರಿದ ರಾಜ್ಯ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್‌ಸಾಬ್ ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದವು, ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಸಿಕ್ಕಿತು. ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಬಂದದ್ದು ಆಮೇಲೆ. ಅಂಥ ರಾಜ್ಯದಲ್ಲಿ 2021ರಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಒಂದಾದ ಮೇಲೊಂದರಂತೆ ಬಂದ ಸರ್ಕಾರಗಳು ಇದಕ್ಕೆ ಹೊಣೆ. ಕಾಲುವೆಯ ಹೂಳು, ಬಸ್ಸಿನ ಹೊತ್ತು, ವೈದ್ಯರ ಖಾಲಿ ಹುದ್ದೆ ಇವುಗಳ ಬಗ್ಗೆ ಕೇಳಬೇಕಾದ ಸಭೆಯೇ ಸೇರದಿದ್ದರೆ ಜನರ ದನಿ ಎಲ್ಲಿ ದಾಖಲಾಗಬೇಕು?

7. ನಾವು ಕೇಳಬೇಕಾದದ್ದು

ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಜನರ ಎದುರು ಲೆಕ್ಕ ಇಡಲಾಗುತ್ತದೆ. ಅದೇ ಕ್ರಮ ತಾಲ್ಲೂಕಿಗೂ ಬರಲಿ. ತಾಲ್ಲೂಕಿಗೆ ಬಂದ ಹಣವೆಲ್ಲ, ಕೈಗೆ ಕೊಟ್ಟದ್ದೂ ಊರಿಗೆ ಕೊಟ್ಟದ್ದೂ, ಒಂದೇ ಕಡೆ ಕನ್ನಡದಲ್ಲಿ ಪ್ರಕಟವಾಗಲಿ. ಯಾವ ಕೆರೆಗೆ ನೀರು ಬಂತು, ಯಾವ ಶಾಲೆಗೆ ಶಿಕ್ಷಕರಿಲ್ಲ, ಎಷ್ಟು ಕ್ವಿಂಟಲ್ ಬೆಂಬಲ ಬೆಲೆಗೆ ಖರೀದಿಯಾಯಿತು, ಪೌರಕಾರ್ಮಿಕರಲ್ಲಿ ಎಷ್ಟು ಮನೆಯವರಿಗೆ ಸ್ವಂತ ಸೂರಿದೆ ಎಂಬುದು ಅದರಲ್ಲಿರಲಿ. ತಾಲ್ಲೂಕು ಪಂಚಾಯಿತಿ ಚುನಾವಣೆ ಹೊತ್ತಿಗೆ ಸರಿಯಾಗಿ ನಡೆಯಲಿ. ಅನುದಾನ ತಾಲ್ಲೂಕಿನ ಕೊರತೆಯ ಸೂಚ್ಯಂಕದಂತೆ ಹಂಚಿಕೆಯಾಗಲಿ.

ಕಾಲೇಜು ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಒಂದಿದೆ. ಮುಂದಿನ ಗ್ರಾಮಸಭೆಗೆ ಹೋಗಿ. ಸುಮ್ಮನೆ ಕೂತು ಬರಬೇಡಿ, ನಡಾವಳಿ ಪುಸ್ತಕದಲ್ಲಿ ನಿಮ್ಮ ಪ್ರಶ್ನೆ ಬರೆಸಿ ಬನ್ನಿ. ಬೆಳವಣಿಗೆ ಮೊದಲೋ ಹಂಚಿಕೆ ಮೊದಲೋ ಎಂಬ ಪಂಡಿತರ ವಾದಕ್ಕೆ ಈ ನಾಲ್ಕು ತಾಲ್ಲೂಕುಗಳ ಉತ್ತರ ಸ್ಪಷ್ಟವಾಗಿರಲಿ: ಎರಡೂ ನಮಗೆ ಸಲ್ಲಬೇಕು, ಲೆಕ್ಕ ನಮ್ಮೆದುರಿಗೆ ಆಗಬೇಕು, ಆ ಲೆಕ್ಕ ಕಟ್ಟಕಡೆಯ ಮನೆಯಿಂದ ಶುರುವಾಗಬೇಕು.