ಹೂಡಿದವರು ಯಾರು?



ನನಗೆ ಕೊಟ್ಟ ಸಮಯವನ್ನೆಲ್ಲ ಒಂದೇ ಕ್ರಿಯಾಪದಕ್ಕೆ ಬಳಸುತ್ತೇನೆ: ಹೂಡು. ಯುದ್ಧ ಹೂಡು, ದಾವೆ ಹೂಡು, ಸಂಚು ಹೂಡು ಎನ್ನುತ್ತೇವಲ್ಲ, ಆ ಹೂಡು.

ಹಳಗನ್ನಡದಲ್ಲಿ ಇದು ಪೂಡು. ಇದರ ದಾಯಾದಿ ಪದವನ್ನು ಈ ಚೆನ್ನೈಯಲ್ಲಿ ನೀವು ದಿನವೂ ಕೇಳುತ್ತೀರಿ. ತಮಿಳರು ಬಾಗಿಲಿಗೆ ಹಾಕುವ ಬೀಗ 'ಪೂಟ್ಟು'; ನೇಗಿಲಿಗೆ ಎತ್ತು ಕಟ್ಟುವುದೂ ಅವರಿಗೆ 'ಏರ್ ಪೂಟ್ಟು'. ನಮ್ಮ ರೈತರು ನೇಗಿಲು ಹೂಡುತ್ತಾರೆ. ಜೋಡಿಸಿ ಸಜ್ಜುಮಾಡುವುದೇ ಇದರ ಜೀವಾಳ: ನೊಗಕ್ಕೆ ಎತ್ತು, ಬಿಲ್ಲಿಗೆ ಬಾಣ. ಬಾಣ ಹೂಡಿದವನು ಇನ್ನೂ ಬಿಟ್ಟಿಲ್ಲ, ಇಳಿಸಲು ಅವನಿಗೆ ಅವಕಾಶವಿದೆ. ಸಿಟ್ಟು ನೆತ್ತಿಗೇರಿ ಕೈಮಾಡಿದವನನ್ನು ಜಗಳವಾಡಿದ ಎನ್ನುತ್ತೇವೆ, ಹೂಡಿದ ಎನ್ನುವುದಿಲ್ಲ. ಯುದ್ಧ ಹೂಡುವವನು ಮೊದಲೇ ಲೆಕ್ಕ ಹಾಕಿರುತ್ತಾನೆ. ಆ ಹೊಣೆಯನ್ನು ಕನ್ನಡ ಅವನ ಹೆಗಲಿಗೇ ಕಟ್ಟುತ್ತದೆ.

1824ರ ಕಿತ್ತೂರನ್ನೇ ನೋಡಿ. ಅರಮನೆಯ ದತ್ತುಮಗನನ್ನು ಒಪ್ಪದೆ ಸಂಸ್ಥಾನವನ್ನು ವಶಮಾಡಿಕೊಳ್ಳಲು ದಂಡು ತಂದವರು ಈಸ್ಟ್ ಇಂಡಿಯಾ ಕಂಪನಿಯವರು. ಅಕ್ಟೋಬರ್ 23ರಂದು ಅವರ ಕಲೆಕ್ಟರ್ ಥ್ಯಾಕರೆ ಅಲ್ಲಿನ ಕಾಳಗದಲ್ಲಿ ಸತ್ತ. ಯುದ್ಧ ಹೂಡಿದ್ದು ಕಂಪನಿ, ಕಾದಿದ್ದು ರಾಣಿ ಚೆನ್ನಮ್ಮ. 'ಕಿತ್ತೂರಿನಲ್ಲಿ ಯುದ್ಧ ನಡೆಯಿತು' ಎಂದು ಬರೆದರೆ ತಪ್ಪು ಯಾರದೆಂಬುದೇ ಮರೆಯಾಗುತ್ತದೆ. ಮಳೆ ಬಂದಂತೆ ಯುದ್ಧ ತಾನಾಗಿ ಬರುವುದಿಲ್ಲ.

ಹೂಡುವುದೆಲ್ಲ ಕೇಡಿಗೇ ಅಲ್ಲ. 1930ರಲ್ಲಿ ಅಂಕೋಲೆಯ ಜನ ಬ್ರಿಟಿಷರ ಉಪ್ಪಿನ ಕಾಯಿದೆ ಮುರಿದರು. ಅವರೂ ಸತ್ಯಾಗ್ರಹ ಹೂಡಿದರು ಎಂದೇ ಹೇಳುತ್ತೇವೆ. ಕೈಯಲ್ಲಿ ಆಯುಧವಿಲ್ಲ, ಆದರೆ ಸಿದ್ಧತೆಯಿದೆ, ಹೊಣೆಯಿದೆ, ಸೆರೆಮನೆಗೆ ಹೋಗುವ ಧೈರ್ಯವಿದೆ. ಈ ಪದಕ್ಕೆ ಇದಕ್ಕಿಂತ ದೊಡ್ಡ ಗೌರವ ನನಗೆ ಕಾಣದು.

ಊರುಬಿಟ್ಟು ಬಂದ ನಮ್ಮ ಮನೆಗಳಲ್ಲಿ ಸಾರು, ಪಲ್ಯ, ಅಜ್ಜಿ, ಅತ್ತೆ ಎಂಬ ಹೆಸರುಗಳು ಉಳಿದುಕೊಳ್ಳುತ್ತವೆ. ಹೂಡು ಎಂಬಂಥ ಕ್ರಿಯಾಪದಗಳು ಮೊದಲು ಸವೆಯುತ್ತವೆ. ಕೇಸು 'ಹಾಕಿದರು', ಯುದ್ಧ 'ಮಾಡಿದರು'. ತಪ್ಪೇನೂ ಇಲ್ಲ, ಆದರೆ ಎಲ್ಲ ಕೆಲಸಕ್ಕೂ ಮಾಡು, ಹಾಕು ಎರಡೇ ಸಾಕೆಂದರೆ ಮಕ್ಕಳಿಗೆ ನಾವು ಬಡ ಕನ್ನಡ ಕೊಟ್ಟಂತೆ.

ನನ್ನದೊಂದು ಕೋರಿಕೆ. ಮಕ್ಕಳೆ, ನಿಮ್ಮ ಅಜ್ಜಅಜ್ಜಿಯರನ್ನು ಕೂರಿಸಿಕೊಂಡು ಅವರು ಏನೇನು ಹೂಡುತ್ತಿದ್ದರೆಂದು ಕೇಳಿ ಬರೆದುಕೊಳ್ಳಿ: ಗಾಡಿ, ಒಲೆ, ಬಿಡಾರ, ಸಂಸಾರ. ಆ ಪಟ್ಟಿಗಳನ್ನು ನಮ್ಮ ಸಂಘದ ಮುಂದಿನ ವಾರ್ಷಿಕೋತ್ಸವದಲ್ಲಿ ಇದೇ ವೇದಿಕೆಯಿಂದ ನೀವೇ ಓದಬೇಕು.